ಆಫಿಯಾ ಒಂದೇ ಸಲ ಕೇಳಿದಳು

ಊಟಕ್ಕೆ ಕರೆದರೆ ಸಂತೋಷಪಡಬೇಕಂತೆ. ನಮ್ಮ ಕಂಪನಿಯ ವಿಷಯ ಗೊತ್ತಿಲ್ಲದವರ ಮಾತು ಅದು. ನನ್ನ ಗಂಡ ಸಂಕಪ್ಪ ಇಪ್ಪತ್ತೆರಡು ವರ್ಷದಿಂದ ಮಸ್ಕತ್ತಿನ ಒಂದು ಮರಗೆಲಸದ ಕಂಪನಿಯಲ್ಲಿದ್ದಾರೆ, ಈಗ ಸೂಪರ್‌ವೈಸರ್. ಆ ಕಂಪನಿಯವರು ಯಾರನ್ನಾದರೂ ಹೆಂಡತಿ ಮಕ್ಕಳ ಸಮೇತ ಶುಕ್ರವಾರ ಮಧ್ಯಾಹ್ನ ಕಡಲ ಬದಿಯ ಮತ್ರಾದ ಬ್ರಾಸರಿ ಹೋಟೆಲಿಗೆ ಊಟಕ್ಕೆ ಕರೆದರೆಂದರೆ ಖಲಾಸ್, ಅವರಿಗೆ ಇಲ್ಲಿನ ಅನ್ನದ ಋಣ ತೀರಿತು ಎಂದೇ ತಿಳಿಯಬೇಕು. ಅಕೌಂಟ್ಸಿನ ಚಲುವರಾಜು, ಮೈಸೂರಿನವರು, ಪಾಪ, ಊಟದ ಫೋಟೋಗಳನ್ನು ಖುಷಿಯಿಂದ ಫೇಸ್‌ಬುಕ್ಕಿಗೆ ಹಾಕಿದ್ದರು. ಇಪ್ಪತ್ತನೆಯ ದಿನ ಸಾಮಾನು ಕಟ್ಟಿದರು. ಅವರಾದ ಮೇಲೆ ಇನ್ನೂ ಎರಡು ಕುಟುಂಬ ಅಲ್ಲಿ ಉಂಡು, ಕೈ ತೊಳೆದು, ವಿಮಾನ ಹತ್ತಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಹಾಗಿರುವಾಗ ಆಫೀಸಿನ ಎಸ್ತರ್ ಭಾನುವಾರ ಇವರ ಮೊಬೈಲಿಗೆ ಮೆಸೇಜು ಕಳಿಸಿದಳು: ಶುಕ್ರವಾರ ಎರಡು ಗಂಟೆಗೆ, ಬ್ರಾಸರಿ, ಫ್ಯಾಮಿಲಿ ಜೊತೆ ಬನ್ನಿ. ಅಂದಿನಿಂದ ನನಗೆ ಒಂದು ತುತ್ತೂ ಗಂಟಲಲ್ಲಿ ಇಳಿಯಲಿಲ್ಲ. ನಮಗೆ ಊರಿಗೆ ಹೋಗಲು ಹೆದರಿಕೆಯೇನೂ ಇಲ್ಲ. ಕಾರ್ಕಳದಲ್ಲಿ ಮನೆ ಉಂಟು, ಗಂಜಿಗೆ ತೊಂದರೆಯಿಲ್ಲ. ಆದರೆ ಮಗಳು ತೃಷಾ ಹನ್ನೆರಡನೆಯ ತರಗತಿ. ಇವರ ರೆಸಿಡೆಂಟ್ ಕಾರ್ಡ್ ಜನವರಿ ಇಪ್ಪತ್ತಕ್ಕೆ ಮುಗಿಯುತ್ತದೆ. ಅವಳ ಬೋರ್ಡ್ ಪರೀಕ್ಷೆ ಶುರುವಾಗುವುದು ಫೆಬ್ರವರಿಯಲ್ಲಿ. ಇವರ ಕಾರ್ಡ್ ಹೋದರೆ ಅದರ ಬಾಲ ಹಿಡಿದಿರುವ ನಮ್ಮಿಬ್ಬರದ್ದೂ ಹೋಗುತ್ತದೆ. ಪರೀಕ್ಷೆಯ ಸೆಂಟರನ್ನು ಇನ್ನು ಬದಲಿಸಲು ಬರುವುದಿಲ್ಲವಂತೆ. ಎರಡು ತಿಂಗಳ ಸಲುವಾಗಿ ಹುಡುಗಿಯ ಒಂದು ವರ್ಷ ಮಣ್ಣುಪಾಲು.

"ನೋಡಿ, ಬಾಯಿ ಬಿಟ್ಟು ಕೇಳ್ಬೇಕು. ಜೂನ್ ತನಕ ಇರ್ಲಿಕ್ಕೆ ಬಿಡಿ, ಮಗಳ ಪರೀಕ್ಷೆ ಉಂಟು ಅಂತ," ಎಂದು ವಾರವಿಡೀ ಇವರ ಕಿವಿಯಲ್ಲಿ ಊದಿದೆ.

"ನೋಡುವ," ಎಂದರು.

"ನೋಡುವ ಅಂದ್ರೆ ಎಂತ ನೋಡುದು? ಬಾಯಿದ್ದವ ಬರಗಾಲದಲ್ಲೂ ಬದುಕಿದ ಅಂತೆ. ನಿಮಗೆ ದೇವರು ಬಾಯಿ ಕೊಟ್ಟದ್ದು ಮೀಸೆಗೆ ಜಾಗ ಬೇಕು ಅಂತಲಾ?"

"ಆಯ್ತು ಮಾರಾಯ್ತಿ, ಕೇಳ್ತೇನೆ."

ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ನಮ್ಮ ತುಳುವರ ಮನೆಗಳಲ್ಲಿ ಒಂದು ಕ್ರಮವಿದೆ. ಬಡಿಸಲು ಬಂದವರಿಗೆ ಮೊದಲ ಸಲ 'ಬೊಡ್ಚಿ' ಎನ್ನಬೇಕು, ಎಂದರೆ ಬೇಡ. ಎರಡನೆಯ ಸಲ ಎಲೆಗೆ ಕೈ ಅಡ್ಡ ಹಿಡಿಯಬೇಕು. ಮೂರನೆಯ ಸಲ ಅವರು ಕೈಯ ಸಂದಿಯಿಂದ ಹಾಕಿಯೇ ಹಾಕುತ್ತಾರೆ, ಆಗ ಅಯ್ಯೋ ಅಯ್ಯೋ ಎನ್ನುತ್ತ ಉಣ್ಣಬೇಕು. ಮೊದಲ ಸಲವೇ ಹಾಕಿ ಎಂದವನು ಹೊಟ್ಟೆಬಾಕ. ಎಲ್ಲರೂ ಮಾಡುವುದೇ. ಆದರೆ ನನ್ನ ಅತ್ತೆ ಇದನ್ನು ಇವರಿಗೆ ಅನ್ನಕ್ಕೆ ಮಾತ್ರವಲ್ಲ, ಜೀವಮಾನಕ್ಕೇ ಕಲಿಸಿಬಿಟ್ಟಿದ್ದಾರೆ. ನನ್ನನ್ನು ನೋಡಲು ಬಂದ ದಿನ ಹುಡುಗಿ ಒಪ್ಪಿಗೆಯಾ ಎಂದು ನನ್ನ ಮಾವ ಕೇಳಿದರೆ, 'ಬೇಡ ಬೇಡ, ಈಗ ಎಂತ ಅವಸರ' ಎಂದಿದ್ದರು ಪುಣ್ಯಾತ್ಮ. ಮಾವ ತಾಳ್ಮೆಯವರು, ಮೂರು ಸಲ ಕೇಳಿದರು. ಇಲ್ಲವಾದರೆ ನಾನು ಬೇರೆ ಯಾರ ಜೊತೆಯೋ ಸುಖವಾಗಿರುತ್ತಿದ್ದೆ.

ಬ್ರಾಸರಿ ಎಂದರೆ ಫ್ರೆಂಚರ ಹಳೆಯ ಕಾಲದ ಊಟದ ಮನೆಯಂತೆ. ಇದು ನಮ್ಮ ಅರ್ಬಾಬರ, ಎಂದರೆ ಕಂಪನಿಯ ಧಣಿಗಳ, ಮನೆತನದ್ದೇ ಕಟ್ಟಡ. ಅವರ ಅಜ್ಜ ಖರ್ಜೂರ ಮಾರಲು ಫ್ರಾನ್ಸಿನ ಮಾರ್ಸೇಲ್ಸಿಗೆ ಹೋದವರು ಅಲ್ಲಿನ ಬ್ರಾಸರಿಯನ್ನು ನೋಡಿ ಮರುಳಾಗಿ, ಕನ್ನಡಿ, ದೀಪ, ಹಿತ್ತಾಳೆ ಸರಳುಗಳನ್ನೆಲ್ಲ ಹಡಗಿನಲ್ಲಿ ಹೇರಿಸಿ ತಂದು ಮತ್ರಾದ ತಮ್ಮ ಮನೆಯ ಕೆಳಗಿನ ಅಂಕಣದಲ್ಲಿ ಕೂರಿಸಿದರಂತೆ. ಒಳಗೆ ಕಾಲಿಟ್ಟರೆ ಕಣ್ಣು ಎಲ್ಲಿ ಇಡುವುದು ಎಂದೇ ತಿಳಿಯುವುದಿಲ್ಲ. ಗೋಡೆಯುದ್ದಕ್ಕೂ ಚಿನ್ನದ ಬಣ್ಣದ ಚೌಕಟ್ಟಿನ ಕನ್ನಡಿಗಳು, ಕಂಬಗಳ ಮೇಲೆ ಗಾರೆಯ ಹೂಬಳ್ಳಿ, ತಾವರೆ ಮೊಗ್ಗಿನಂಥ ಗಾಜಿನ ದೀಪಗಳು, ಕೆಂಪು ಚರ್ಮದ ಬೆಂಚು, ಕಪ್ಪು ಬಿಳುಪಿನ ನೆಲ. ಕಿಟಕಿಯ ಕಮಾನಿನ ಬಣ್ಣದ ಗಾಜಿನಿಂದ ಬಿಸಿಲು ಬಿದ್ದು ತೃಷಾಳ ಒಂದು ಕೆನ್ನೆ ಹಸಿರಾಗಿತ್ತು. ಮೇಲೆ ನೋಡಿದರೆ ಒಮಾನಿ ಛಾವಣಿ: ಮರದ ತೊಲೆಗಳ ಮೇಲೆ ಕೆಂಪು ಕಪ್ಪು ಬಣ್ಣದ ಬಳ್ಳಿ ಚಿತ್ತಾರ.

ಆ ಛಾವಣಿ ಇವರದ್ದು. ಹದಿನಾಲ್ಕು ತಿಂಗಳು ಅಟ್ಟಣಿಗೆಯ ಮೇಲೆ ಅಂಗಾತ ಮಲಗಿ, ಯಾರೋ ಬಳಿದಿದ್ದ ಎಣ್ಣೆಬಣ್ಣವನ್ನು ಕೆರೆದು, ಹುಳ ತಿಂದ ಹಲಗೆ ಬದಲಿಸಿ, ಆ ಬಳ್ಳಿಯನ್ನು ಮತ್ತೆ ಬೆಳಕಿಗೆ ತಂದವರು ಇವರು ಮತ್ತು ಇವರ ಆರು ಜನ. ಆದರೆ ಕೆಳಗೆ ಕುರ್ಚಿಯಲ್ಲಿ ಕೂತದ್ದು ಇದೇ ಮೊದಲು. ಕೂತವರು ಮೆನು ನೋಡುವುದು ಬಿಟ್ಟು ಕತ್ತೆತ್ತಿ ಮೇಲೆಯೇ ನೋಡುತ್ತಿದ್ದರು.

"ಮೂರನೇ ತೊಲೆಯ ಜಾಯಿಂಟ್ ಬಿಟ್ಟಿದೆ," ಎಂದರು.

"ನಮ್ಮ ಜಾಯಿಂಟೇ ಬಿಡುವ ಹೊತ್ತಾಗಿದೆ, ನಿಮಗೆ ತೊಲೆಯ ಚಿಂತೆ!"

"ಅಮ್ಮಾ, ಪ್ಲೀಸ್, ನಾಟ್ ಹಿಯರ್," ಎಂದಳು ತೃಷಾ. ಮೇಜಿನ ಕೆಳಗೆ ಅವಳ ಕಾಲು ಹೊಲಿಗೆ ಮಷೀನಿನ ಹಾಗೆ ಓಡುತ್ತಿತ್ತು. ನನ್ನದೂ ಓಡುತ್ತಿತ್ತು. ಬಟ್ಟೆಯ ನ್ಯಾಪ್ಕಿನನ್ನು ಮಡಚಿದೆ, ಬಿಡಿಸಿದೆ, ಮತ್ತೆ ಮಡಚಿದೆ. ಎದುರಿನ ಕನ್ನಡಿಯಲ್ಲಿ ನಾನೇ ನಾಲ್ಕು ಕಡೆ ಕಾಣುತ್ತಿದ್ದೆ, ನಾಲ್ವರ ಮುಖವೂ ಹುಳಿ ಮಜ್ಜಿಗೆ ಕುಡಿದಂತಿತ್ತು.

ಆಫಿಯಾ ಸರಿಯಾಗಿ ಎರಡು ಗಂಟೆಗೆ ಬಂದಳು. ದೊಡ್ಡ ಅರ್ಬಾಬರ ಮಗಳು, ಮೂವತ್ತರ ಆಸುಪಾಸು. ತಂದೆಗೆ ಪಾರ್ಶ್ವವಾಯು ಬಡಿದ ಮೇಲೆ ಇಂಗ್ಲೆಂಡಿನಿಂದ ಬಂದು ಎರಡು ವರ್ಷದಿಂದ ಕಂಪನಿ ನೋಡಿಕೊಳ್ಳುತ್ತಿದ್ದಾಳೆ. ಚಿಕ್ಕಂದಿನಲ್ಲಿ ವರ್ಕ್‌ಶಾಪಿನಲ್ಲೇ ಆಡಿ ಬೆಳೆದದ್ದರಿಂದ ಹಿಂದಿ ನನಗಿಂತ ಚೆಂದ. ಒಳ್ಳೆಯ ಹುಡುಗಿ, ಸುಳ್ಳು ಹೇಳಬಾರದು. ಮಾತಿಗೆ ಮುಂಚೆ ನನ್ನ ಎರಡೂ ಕೈ ಹಿಡಿದುಕೊಂಡಳು. ಸಾವಿನ ಮನೆಯಲ್ಲಿ ಹಿಡಿಯುವುದು ಹಾಗೆ.

ಬಡಿಸಲು ಇಸಾಬೆಲ್ಲಾ ಎಂಬ ಗೋವಾದ ಹುಡುಗಿ ನಿಂತಿದ್ದಳು. ಮೊದಲು ಈರುಳ್ಳಿ ಸಾರು ಬಂತು, ಮೇಲೆ ಚೀಸಿನ ಮುಚ್ಚಳ. ಚಮಚ ತೂರಿಸಿದರೆ ನೂಲು ನೂಲಾಗಿ ಮೇಲೆದ್ದಿತು, ಕತ್ತರಿಸುವ ದಾರಿ ಕಾಣದೆ ಬಿಟ್ಟೆ. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕಾದೆ. ಆಫಿಯಾ ತಂದೆಯ ಫಿಸಿಯೋಥೆರಪಿಯ ಬಗ್ಗೆ ಮಾತಾಡಿದಳು. ಆಮೇಲೆ ಮೀನು ಬಂತು. ನಮ್ಮ ಅಂಜಲ್ ಮೀನೇ, ಬೆಣ್ಣೆಯಲ್ಲಿ ತೇಲುತ್ತಿತ್ತು, ಒಂದು ಚಿಟಿಕೆ ಖಾರ ಇಲ್ಲ. ಆಫಿಯಾ ಇಬ್ರಾ ಊರಿನಲ್ಲಿ ಹಿಡಿದ ಹೊಸ ಮಸೀದಿಯ ಬಾಗಿಲಿನ ಕೆಲಸದ ಬಗ್ಗೆ ಮಾತಾಡಿದಳು. ಇವರು ಹೌದು ಮ್ಯಾಡಮ್, ಸರಿ ಮ್ಯಾಡಮ್ ಎನ್ನುತ್ತಿದ್ದರು. ನಾನು ಮೇಜಿನ ಕೆಳಗೆ ಇವರ ಕಾಲನ್ನು ಎರಡು ಸಲ ತುಳಿದೆ. ಎರಡನೆಯ ಸಲ ತುಳಿದದ್ದು ಮೇಜಿನ ಕಾಲನ್ನು, ಅದು ಎರಕದ ಕಬ್ಬಿಣ.

"ಇನ್ನೊಂದು ತುಂಡು ಮೀನು ತರಿಸಲಾ, ಅಂಕಲ್?" ಎಂದಳು ಆಫಿಯಾ.

"ಬೇಡ ಮ್ಯಾಡಮ್, ಸಾಕು ಸಾಕು," ಎಂದರು ಇವರು.

ಆಫಿಯಾ ತಲೆಯಾಡಿಸಿದಳು, ಇಸಾಬೆಲ್ಲಾ ತಟ್ಟೆಯನ್ನು ಎತ್ತಿಯೇಬಿಟ್ಟಳು. ಇವರ ಕೈ ಮೇಜಿನ ಮೇಲೆ ಬರಿದಾಗಿ ಉಳಿಯಿತು. ನನಗೆ ಅಲ್ಲಿಯೇ ಭಯ ಹತ್ತಿತು. ದೊಡ್ಡ ಅರ್ಬಾಬರಾದರೆ ಹಳೆಯ ಕಾಲದವರು, ಹಲ್ವಾ, ಕಾಫಿ ಯಾವುದನ್ನೂ ಮೂರು ಸಲ ಒತ್ತಾಯ ಮಾಡದೆ ಬಿಟ್ಟವರಲ್ಲ. ಈ ಹುಡುಗಿ ಇಂಗ್ಲೆಂಡಿನಲ್ಲಿ ಓದಿದವಳು. ಒಂದೇ ಸಲ ಕೇಳುತ್ತಾಳೆ, ಹೇಳಿದ್ದನ್ನು ನಂಬುತ್ತಾಳೆ. ನಾನು ಬಗ್ಗಿ ತುಳುವಿನಲ್ಲಿ ಪಿಸುಗುಟ್ಟಿದೆ: "ಇವಳು ಎರಡನೇ ಸಲ ಕೇಳುವವಳಲ್ಲ. ಬೇಕಾದ್ದಕ್ಕೆ ಮೊದಲೇ ಬೇಕು ಅನ್ನಿ."

"ಸುಮ್ಮನಿರು," ಎಂದರು.

ಸಿಹಿ ಬಂತು, ಸುಟ್ಟ ಸಕ್ಕರೆಯ ಗಟ್ಟಿ ಪದರದ ಕಸ್ಟರ್ಡ್. ಆಫಿಯಾ ಅದನ್ನು ಚಮಚದಲ್ಲಿ ಟಕ್ಕೆಂದು ಒಡೆದಳು, ತಿನ್ನದೆ ಚಮಚ ಕೆಳಗಿಟ್ಟಳು. ತೃಷಾಳ ಕಾಲು ನಿಂತಿತು.

"ಸಂಕಪ್ಪ ಅಂಕಲ್, ನಿಮ್ಮ ಕಾರ್ಡ್ ಜನವರಿಗೆ ಮುಗಿಯುತ್ತದೆ. ನಿಮ್ಮ ಜಾಗಕ್ಕೆ ಇನ್ನು ಸರ್ಕಾರದ ನಿಯಮದಂತೆ ಒಮಾನಿಯವರನ್ನೇ ತೆಗೆದುಕೊಳ್ಳುತ್ತೇವೆ, ನಿಮಗೆ ಗೊತ್ತೇ ಇದೆ. ಆದರೆ ಸುವೈಕ್ ವರ್ಕ್‌ಶಾಪಿನಲ್ಲಿ ಹೊಸಬರಿಗೆ ಕೆಲಸ ಕಲಿಸಲಿಕ್ಕೆ ಅಂತ ಬರೆದುಕೊಟ್ಟರೆ ಜೂನ್ ಕೊನೆಯವರೆಗೆ ನಿಮ್ಮನ್ನು ಉಳಿಸಿಕೊಳ್ಳಬಹುದು. ವಿಚಾರಿಸಿ ನೋಡಿದ್ದೇನೆ. ಇರುತ್ತೀರಾ?"

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ನಾವು ಕೇಳುವ ಮೊದಲೇ, ನಾವು ಕೇಳಬೇಕೆಂದಿದ್ದ ತಿಂಗಳನ್ನೇ, ತಾನಾಗಿ ತಂದು ಎಲೆಗೆ ಬಡಿಸುತ್ತಿದ್ದಾಳೆ! ಕಟೀಲಿನ ಅಮ್ಮನಿಗೆ ಹೂವಿನ ಪೂಜೆ ಹೇಳಿಕೊಂಡೆ. ತೃಷಾ ನನ್ನ ಸೆರಗನ್ನು ಗಟ್ಟಿಯಾಗಿ ಹಿಡಿದಳು.

ಇವರು ಎದೆಯ ಮೇಲೆ ಕೈಯಿಟ್ಟುಕೊಂಡರು. ನಾಚಿಕೊಂಡು ನಕ್ಕರು.

"ಅಯ್ಯೋ, ಬೇಡ ಮ್ಯಾಡಮ್," ಎಂದರು. "ನಮ್ಮಿಂದ ನಿಮಗೆ ಯಾಕೆ ತೊಂದರೆ."

ಆಫಿಯಾ ಒಂದು ಕ್ಷಣ ಇವರ ಮುಖ ನೋಡಿದಳು. "ಅರ್ಥವಾಗುತ್ತದೆ, ಅಂಕಲ್. ಇಪ್ಪತ್ತೆರಡು ವರ್ಷ ಆಯಿತು. ಮನೆಗೆ ಹೋಗಬೇಕು ಅನ್ನಿಸುವುದು ಸಹಜ," ಎಂದಳು. ಮೊಬೈಲ್ ತೆಗೆದು ಏನೋ ಬರೆದಳು. "ನೀವು ಹೊರಡುವ ಪೇಪರ್ ಕೆಲಸ ಶುರು ಮಾಡಲಿಕ್ಕೆ ಎಸ್ತರ್‌ಗೆ ಹೇಳಿದ್ದೇನೆ."

ಇವರು ಇನ್ನೂ ನಗುತ್ತಲೇ ಇದ್ದರು! ಎರಡನೆಯ ಸೌಟು ಬರುತ್ತದೆಂದು ಎಲೆಗೆ ಕೈ ಅಡ್ಡ ಹಿಡಿದು ಕೂತವರ ಹಾಗೆ. ಬಡಿಸುವವಳು ಮುಂದಿನ ಪಂಕ್ತಿಗೆ ಹೋದದ್ದು ಇವರಿಗೆ ತಿಳಿಯಲು ಎಷ್ಟು ಹೊತ್ತು ಬೇಕಾಯಿತೋ, ಅಷ್ಟರಲ್ಲಿ ಮುಖದ ಬಣ್ಣ ಇಳಿಯುತ್ತ ಬಂತು.

"ಪಪ್ಪಾ!" ಎಂದಳು ತೃಷಾ. ಅವಳ ಕಣ್ಣಲ್ಲಿ ನೀರು.

ಇನ್ನು ನನ್ನಿಂದ ಆಗಲಿಲ್ಲ. ಎದ್ದು ನಿಂತೆ, ಕುರ್ಚಿ ಕಪ್ಪು ಬಿಳುಪಿನ ನೆಲದ ಮೇಲೆ ಕಿರ್ರೆಂದಿತು. ನನ್ನ ಹಿಂದಿ ಹೇಗಿದೆಯೆಂದು ರೂವಿ ಪೇಟೆಯ ತರಕಾರಿಯವನಿಗೆ ಗೊತ್ತು, ಆದರೂ ಅದರಲ್ಲೇ ಹೊರಟೆ. "ಮ್ಯಾಡಮ್, ಇವರ ಮಾತು ನಂಬಬೇಡಿ! ಇವರಿಗೆ ಬೇಕು. ಮಗಳಿಗೆ ಪರೀಕ್ಷೆ ಉಂಟು, ಜೂನ್ ತನಕ ಇರಲೇಬೇಕು. ನಮ್ಮ ಕಡೆ ಮೊದಲು ಬೇಡ ಅನ್ನುವುದು ಮರ್ಯಾದೆಗೆ. ನೀವು ಇನ್ನೊಮ್ಮೆ ಕೇಳಬೇಕಿತ್ತು. ಇವರು ಎಲ್ಲದಕ್ಕೂ ಹೀಗೇ, ಮದುವೆಗೂ ಹೀಗೇ ಹೇಳಿದ್ದರು!"

ಪಕ್ಕದ ಮೇಜಿನವರು ತಿರುಗಿ ನೋಡಿದರು. ಇಸಾಬೆಲ್ಲಾ ನೀರಿನ ಜಗ್ಗು ಹಿಡಿದು ನಿಂತಲ್ಲೇ ನಿಂತಳು. ಆಫಿಯಾ ನಗುತ್ತಾಳೆ ಎಂದುಕೊಂಡೆ. ಅವಳು ನಗಲಿಲ್ಲ.

"ಎಲ್ಲದಕ್ಕೂ?" ಎಂದಳು. ಇವರ ಕಡೆ ತಿರುಗಿದಳು. "ಅಂಕಲ್, ಹಾಗಾದರೆ ಆ ಫ್ಯಾಮಿಲಿ ವೀಸಾ?"

"ಯಾವ ವೀಸಾ?" ಎಂದೆ ನಾನು.

"ತೃಷಾ ಹುಟ್ಟಿದ ವರ್ಷ. ನನ್ನ ಬಾಬಾ ಈಗಲೂ ಹೇಳುತ್ತಾರೆ. ಹೆಂಡತಿ ಮಗುವನ್ನು ಕರೆದುಕೊಂಡು ಬಾ, ವೀಸಾ ಮಾಡಿಸುತ್ತೇನೆ ಅಂತ ಬಾಬಾ ಕೇಳಿದರಂತೆ. ಬೇಡ ಅರ್ಬಾಬ್, ಅವರು ಅಲ್ಲೇ ಚೆನ್ನಾಗಿದ್ದಾರೆ ಅಂದರಂತೆ ಇವರು. ಬಾಬಾಗೆ ಆವತ್ತೇ ಇಬ್ರಾಕ್ಕೆ ಹೋಗಲಿಕ್ಕಿತ್ತು, ಹೊರಟುಬಿಟ್ಟರು. ಸಂಕಪ್ಪನಿಗೆ ಒಬ್ಬನೇ ಇರುವುದು ಇಷ್ಟ ಅಂತ ಅಂದುಕೊಂಡರು."

ನಾನು ಕೂತೆ.

ಆರು ವರ್ಷ. ತೃಷಾ ಹುಟ್ಟಿದ ಮೇಲೆ ಆರು ವರ್ಷ ನಾನು ಕಾರ್ಕಳದಲ್ಲಿ, ಇವರು ರುಸ್ತಾಕಿನ ಕೆಲಸಗಾರರ ಕ್ಯಾಂಪಿನಲ್ಲಿ ಎಂಟು ಜನರ ಕೋಣೆಯಲ್ಲಿ. ಎರಡು ವರ್ಷಕ್ಕೊಮ್ಮೆ ಒಂದೂವರೆ ತಿಂಗಳ ರಜೆ. ಮಗುವಿಗೆ ನ್ಯುಮೋನಿಯಾ ಆದಾಗ ನಾನೊಬ್ಬಳೇ ಆಟೋ ಹಿಡಿದು ಓಡಿದ್ದೆ. ಅವಳು ಇವರನ್ನು 'ಫೋನಿನ ಮಾಮ' ಎನ್ನುತ್ತಿದ್ದಳು, ರಜೆಯಲ್ಲಿ ಬಂದರೆ ಬಾಗಿಲ ಹಿಂದೆ ಅಡಗುತ್ತಿದ್ದಳು. ನಾನು ಫೋನಿನಲ್ಲಿ ಅತ್ತರೆ ಇವರು ಹೇಳುತ್ತಿದ್ದದ್ದು ಒಂದೇ: 'ಕಂಪನಿ ವೀಸಾ ಕೊಡುದಿಲ್ಲ ವಾರಿಜಾ, ಎಂತ ಮಾಡುದು.' ಕಂಡರಿಯದ ಆ ಅರ್ಬಾಬನಿಗೆ ನಾನು ಎಷ್ಟು ಶಾಪ ಹಾಕಿದ್ದೇನೆ, ದೇವರಿಗೇ ಗೊತ್ತು. ಕೊನೆಗೆ ಆಫೀಸಿಗೆ ಹೊಸದಾಗಿ ಸೇರಿದ ಎಸ್ತರ್ ಯಾರನ್ನೂ ಕೇಳಲಿಲ್ಲ. ಫಾರ್ಮ್ ತಾನೇ ತುಂಬಿಸಿ, ಇಲ್ಲಿ ಸಹಿ ಹಾಕಿ ಎಂದಳಂತೆ. ಹಾಗೆ ನಾವು ಇಲ್ಲಿಗೆ ಬಂದೆವು. ಕಂಪನಿಯ ರೂಲ್ಸ್ ಬದಲಾಯಿತು ಎಂದು ಇವರು ಹೇಳಿದ್ದರು, ನಾನು ನಂಬಿದ್ದೆ.

ಇವರನ್ನು ನೋಡಿದೆ. ಇವರು ಕಸ್ಟರ್ಡ್ ನೋಡುತ್ತಿದ್ದರು.

"ಸಂಕಪ್ಪ ಅಂಕಲ್," ಎಂದಳು ಆಫಿಯಾ. ಅವಳ ಧ್ವನಿ ಮೆತ್ತಗಾಗಿತ್ತು. "ಎಸ್ತರ್ ಇನ್ನೂ ಮೆಸೇಜ್ ನೋಡಿಲ್ಲ. ಆಂಟಿಯ ಬಾಯಿಂದ ಕೇಳಿ ನಾನು ಬರೆಯುವುದಿಲ್ಲ, ನೀವೇ ಹೇಳಬೇಕು. ಜೂನ್ ತನಕ ಬೇಕಾ?"

ಇವರು ನನ್ನ ಕಡೆ ನೋಡಿದರು. ಎಂದಿನ ಅಭ್ಯಾಸ. ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಶಾಲೆಯಲ್ಲಿ ಇವರಿಗೆ ಬೇಕಾದ್ದನ್ನೆಲ್ಲ ಬೇಕು ಎಂದದ್ದು ನಾನೇ. ನನಗೆ ಬಾಯಿಬಡಕಿ ಎಂಬ ಹೆಸರು ಬಂದದ್ದೂ ಹಾಗೆಯೇ. ಈಗಲೂ ನಾಲಗೆಯ ತುದಿಯಲ್ಲಿ ಮಾತು ಕುದಿಯುತ್ತಿತ್ತು. ನಾನು ಹಲ್ಲು ಕಚ್ಚಿದೆ. ಎರಡನೆಯ ಸಲವೂ ಕೈ ಅಡ್ಡ ಹಿಡಿದರೆ ಮಗಳ ವರ್ಷ ಹೋಗುತ್ತದೆ ಎಂದು ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಅಷ್ಟು ಸಿಟ್ಟು ಬಂದಿತ್ತು ನನಗೆ, ಅಷ್ಟೇ ಹೆದರಿಕೆಯೂ ಆಗಿತ್ತು. ನ್ಯಾಪ್ಕಿನ್ ನನ್ನ ಮುಷ್ಟಿಯಲ್ಲಿ ಒದ್ದೆಯಾಯಿತು.

ಇವರ ಕೈ ಅಭ್ಯಾಸದಿಂದ ಎದೆಯ ಕಡೆಗೆ ಏರಿತು. ಅರ್ಧದಲ್ಲಿ ನಿಂತಿತು.

"ಬೋಡು," ಎಂದರು, ತುಳುವಿನಲ್ಲಿ, ಬೇಕು ಎಂದು. ಆಮೇಲೆ ಹಿಂದಿಯಲ್ಲಿ, ಬಡಗಿ ಅಂಗಡಿಯ ಗದ್ದಲದಲ್ಲಿ ಕೂಗುವ ಧ್ವನಿಯಲ್ಲಿ, "ಚಾಹಿಯೇ ಮ್ಯಾಡಮ್! ಜೂನ್ ತಕ್ ಚಾಹಿಯೇ! ಮೇರಿ ಬೇಟಿ ಕೆ ಲಿಯೇ ಚಾಹಿಯೇ!" ಎಂದುಬಿಟ್ಟರು. ಇಡೀ ಬ್ರಾಸರಿ ತಿರುಗಿತು.

ಆಫಿಯಾ ಮೆಸೇಜು ಅಳಿಸಿ ಬೇರೆಯದನ್ನು ಬರೆದು, ಮೊಬೈಲನ್ನು ತಿರುಗಿಸಿ ನಮಗೆ ತೋರಿಸಿದಳು. ತೃಷಾ ಓದಿ, ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಪಕ್ಕದ ಮೇಜಿನಲ್ಲಿ ಕೂತಿದ್ದ ಬಿಳಿಯ ಮುದುಕಿಯೊಬ್ಬಳು ಏನೂ ತಿಳಿಯದೆ ಚಪ್ಪಾಳೆ ತಟ್ಟಿದಳು.

ಹೊರಗೆ ಬಂದೆವು. ಆಫಿಯಾಳ ಕಾರು ಹೊರಟಿತು, ತೃಷಾ ಗೆಳತಿಗೆ ಫೋನು ಮಾಡುತ್ತ ಮುಂದೆ ಹೋದಳು. ಮತ್ರಾದ ಕಡಲ ಬದಿಯಲ್ಲಿ ಬಿಸಿಲು ಇನ್ನೂ ಚುರುಕಾಗಿತ್ತು. ನಾನು ಬಿರಬಿರನೆ ನಡೆದೆ, ಇವರು ಹಿಂದಿನಿಂದ ಬಂದರು. ಮೀನು ಮಾರ್ಕೆಟ್ಟಿನ ತನಕ ನಾನು ತಿರುಗಿ ನೋಡಲಿಲ್ಲ.

ಆಮೇಲೆ ನಿಂತೆ. "ಯಾಕೆ ಸುಳ್ಳು ಹೇಳಿದ್ರಿ?"

"ಸುಳ್ಳಲ್ಲ ವಾರಿಜಾ. ಇಲ್ಲ... ಸುಳ್ಳೇ." ಇವರು ಕಡಲ ಕಡೆ ನೋಡಿದರು. "ಒಮ್ಮೆ ಬೇಡ ಅಂದ ಮೇಲೆ ನಾನೇ ಹೋಗಿ ಕೇಳುದು ಹೇಗೆ? ಅವರು ಇನ್ನೊಮ್ಮೆ ಕೇಳ್ತಾರೆ ಅಂತ ಇದ್ದೆ. ಸೈಟಿಗೆ ಬಂದಾಗೆಲ್ಲ ಅವರ ಕಾರಿನ ಹತ್ತಿರ ಹೋಗಿ ನಿಲ್ತಿದ್ದೆ. ಇವತ್ತು ಕೇಳ್ತಾರೆ ಅಂತ."

"ಎಷ್ಟು ದಿನ ನಿಂತ್ರಿ?"

"ನೀವು ಬರುವ ತನಕ," ಎಂದರು.

ನನಗೆ ಇವರ ಕೆನ್ನೆಗೆ ಬಾರಿಸಬೇಕು ಎನಿಸಿತು. ಆ ಕಾರಿನ ಪಕ್ಕದಲ್ಲಿ, ಬಿಸಿಲಿನಲ್ಲಿ, ಆರು ವರ್ಷ ನಿಂತ ಆ ಮನುಷ್ಯನನ್ನು ಎಳೆದು ತಬ್ಬಿಕೊಳ್ಳಬೇಕು ಎಂದೂ ಎನಿಸಿತು. ಎರಡೂ ಮಾಡಲಿಲ್ಲ. ನಡು ರಸ್ತೆಯಲ್ಲಿ, ಮೀನಿನ ಚೀಲ ಹಿಡಿದವರ ನಡುವೆ, ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಅಳದಷ್ಟು ಗಟ್ಟಿಯಾಗಿ ಅತ್ತುಬಿಟ್ಟೆ.